ಟ್ಯಾಂಕಿನ ಏಕಾದಶಿ

ಡೊಂಬಿವಲಿ ಪೂರ್ವ
2 ಜುಲೈ 2025

ಹಯಗ್ರೀವ ಸರ್ ಅವರಿಗೆ ನಮಸ್ಕಾರ.

ಸರ್, ನಾನು ಸುಮೇಧಾ. ನಿಮ್ಮ ಫೋನಿಗೆ ಒಂದರ ಹಿಂದೆ ಒಂದು ಮೆಸೇಜು ಕಳಿಸಿದ ಹುಡುಗಿ ನಾನೇ. ಅಷ್ಟಕ್ಕೂ ಸೇರಿಸಿ ನೀವು ಒಂದೇ ಸಾಲು ಬರೆದಿರಿ: ‘ಇದನ್ನೆಲ್ಲ ಕಾಗದದಲ್ಲಿ ಬರೆದು ಅಂಚೆಗೆ ಹಾಕಿ.’ ಕೆಳಗೆ ಖಾರಘರದ ವಿಳಾಸ. ಸರ್, ನೀವು ರಿಪ್ಲೈ ಮಾಡಿದ್ದೇ ದೊಡ್ಡದು! ಸ್ಕ್ರೀನ್‌ಶಾಟ್ ತೆಗೆದು ನಮ್ಮ ಗ್ರೂಪಿಗೆ ಹಾಕಿದೆ. ಗ್ರೂಪಿನ ಹೆಸರು ‘ಹಯಗ್ರೀವ ಸರ್ ಫ್ಯಾನ್ಸ್’. ನಗಬೇಡಿ ಸರ್. ನನ್ನ ಕ್ಲಾಸಿನವರೇ ಎಲ್ಲ, ಅರ್ಧ ಜನಕ್ಕೆ ಕನ್ನಡ ಬರುವುದಿಲ್ಲ, ನಿಮ್ಮ ಭಾಷಣದ ತುಣುಕುಗಳಿಗೆ ನಾನೇ ಹಿಂದಿಯಲ್ಲಿ ಅರ್ಥ ಹಾಕುತ್ತೇನೆ.

ಕಾಗದದಲ್ಲಿ ಡಿಲೀಟ್ ಇಲ್ಲ. ಹೊಡೆದು ಹಾಕಿದ್ದು ಕಂಡರೆ ಕ್ಷಮಿಸಿ.

ವಿಷಯಕ್ಕೆ ಬರುತ್ತೇನೆ. ನಮ್ಮದು ಇಲ್ಲಿ ಸ್ಟೇಷನ್ ಹತ್ತಿರ ಉಡುಪಿ ಹೋಟೆಲು. ಅಪ್ಪ ದಯಾನಂದ ಅಂತ. ಎರಡು ವರ್ಷದ ಹಿಂದೆ ಕನ್ನಡ ಸಂಘದ ಹಾಲ್‌ನಲ್ಲಿ ನೀವು ಮಾತಾಡಿದಾಗ ನಾನು ಮುಂದಿನ ಸಾಲಿನಲ್ಲಿದ್ದೆ. ಹೋಟೆಲಿನ ಹಸಿ ಕಸದಿಂದಲೇ ಹೋಟೆಲಿನ ಒಲೆ ಉರಿಸಬಹುದು ಅಂದಿರಿ. ಮನೆಗೆ ಬಂದು ಅಪ್ಪನ ತಲೆ ತಿಂದೆ. ಕೊನೆಗೆ ನಿಮ್ಮದೇ ನಕ್ಷೆಯ ಬಯೋಗ್ಯಾಸ್ ಟ್ಯಾಂಕು ಅಂಬರನಾಥದ ಒಂದು ವರ್ಕ್‌ಶಾಪಿನಿಂದ ಬಂತು. ಹೋದ ದೀಪಾವಳಿಯಿಂದ ಹೋಟೆಲಿನ ಹಿತ್ತಲಲ್ಲಿ ನಿಂತಿದೆ. ಆದರೆ ಸರ್, ಉರಿ ನಿಲ್ಲುವುದಿಲ್ಲ. ಒಮ್ಮೆ ಪುಸ್ ಅಂತ ಬರುತ್ತದೆ, ಹೋಗುತ್ತದೆ. ಹುಳಿ ವಾಸನೆ. ಮೇಲಿನ ಮಹಡಿಯವರು ಸೊಸೈಟಿಗೆ ಕಂಪ್ಲೇಂಟ್ ಕೊಟ್ಟಿದ್ದಾರೆ.

ನನಗೆ ಎಂಟೆಕ್ ಮಾಡಬೇಕು, ನಿಮ್ಮ ಲೈನಿಗೇ ಬರಬೇಕು. ಐರೋಲಿಯ ಒಂದು ಆಫೀಸಿನಲ್ಲಿ ಡೇಟಾ ಕೆಲಸ ಸಿಕ್ಕಿದೆ, ದಸರಾ ಆದ ಮೇಲೆ ಸೇರಬೇಕಂತೆ. ಅಪ್ಪ ಶರತ್ತು ಹಾಕಿದ್ದಾರೆ. ‘ದಸರಾ ದಿನ ಬೆಳಗಿನ ಇಡ್ಲಿ ಇದೇ ಗ್ಯಾಸಲ್ಲಿ ಬೇಯ್ಲಿ, ನೀನು ಏನು ಬೇಕಾದ್ರೂ ಓದು. ಇಲ್ಲಾಂದ್ರೆ ಟ್ಯಾಂಕು ಗುಜರಿಗೆ, ಭಂಗಾರಿನವನಿಗೆ, ನೀನು ಐರೋಲಿಗೆ. ಆ ಜಾಗದಲ್ಲಿ ನಾನು ಐಸ್‌ಕ್ರೀಮ್ ಫ್ರೀಜರ್ ಇಡ್ತೇನೆ. ಬಸ್.’

ಸರ್, ಏನು ಮಾಡಲಿ?

ನಿಮ್ಮ ಅಭಿಮಾನಿ,
ಸುಮೇಧಾ

ತಾ.ಕ.: ನಿಮ್ಮನ್ನು ಒಮ್ಮೆ ನೋಡಬಹುದಾ? ಠಾಣೆಯಲ್ಲಿ ಗಾಡಿ ಬದಲಿಸಿದರೆ ಖಾರಘರ ಏನು ದೂರ.

*

ಖಾರಘರ
11 ಜುಲೈ 2025

ಸುಮೇಧಾ ಅವರಿಗೆ,

ಕಾಗದ ತಲುಪಿತು.

ಟ್ಯಾಂಕು ಹುಳಿಯಾಗಿದೆ. ಒಂದು ವಾರ ಏನೂ ಹಾಕಬೇಡಿ. ಸುಣ್ಣದ ತಿಳಿನೀರು ಸ್ವಲ್ಪ ಸ್ವಲ್ಪ ಹಾಕಿ. ಆಮೇಲೆ ತಾಜಾ ಸಗಣಿಯನ್ನು ನೀರಲ್ಲಿ ಕದಡಿ ಹಾಕಿ. ವಾಸನೆ ಇಳಿದ ಮೇಲೆ ನಿತ್ಯದ ಕಸ ಶುರು ಮಾಡಿ, ಮೊದಲು ಕಡಿಮೆ.

ದಿನವೂ ಏನೇನು ಹಾಕುತ್ತೀರಿ ಎಂದು ನೀವು ಬರೆದಿಲ್ಲ. ಬರೆಯಿರಿ.

ಬರುವುದು ಬೇಡ. ಇಲ್ಲಿ ನೋಡಲು ಏನೂ ಇಲ್ಲ.

ಹಯಗ್ರೀವ

*

ಡೊಂಬಿವಲಿ
24 ಜುಲೈ 2025

ಸರ್!

ಉರಿ ಬಂತು! ನೀಲಿ ಉರಿ!

ಮೊದಲಿಂದ ಹೇಳುತ್ತೇನೆ. ಸಗಣಿಗೆ ಅಂತ ಕಲ್ಯಾಣದ ಒಂದು ತಬೇಲಾಕ್ಕೆ, ಅಂದರೆ ಎಮ್ಮೆ ಕೊಟ್ಟಿಗೆಗೆ, ಹೋದೆ. ಎರಡು ಡಬ್ಬ ತುಂಬಿಸಿ ರಿಕ್ಷಾದಲ್ಲಿ ಇಟ್ಟರೆ ರಿಕ್ಷಾದವನು, ‘ಮ್ಯಾಡಮ್, ಇದಕ್ಕೆ ಟಿಕೆಟು ಬೇರೆ’ ಅಂದ. ಹೇಗೋ ತಂದೆ. ಹಿತ್ತಲ ಬಾಗಿಲಲ್ಲೇ ಯಂಕಣ್ಣ ನಿಂತಿದ್ದರು. ಯಂಕಣ್ಣ ನಮ್ಮ ಹೋಟೆಲಿನ ಅಡಿಗೆಯವರು, ಅಪ್ಪನಿಗಿಂತ ಹಳಬರು.

‘ಎಂತದು ಇದು, ಎಮ್ಮೆಯದ್ದಾ?’

‘ಹೌದು ಯಂಕಣ್ಣ, ತಬೇಲಾದ್ದು.’

‘ಎಮ್ಮೆಯದ್ದು ಬೇಡ ಮಾರಾಯ್ತಿ. ದನದ್ದು ತಾ.’

ಸರ್, ಪುನಃ ಹೋದೆ! ಹುಡುಕಿ ಹುಡುಕಿ ದನದ್ದೇ ತಂದೆ. ಯಂಕಣ್ಣ ಅದನ್ನು ಕಣ್ಣಿಗೆ ಒತ್ತಿಕೊಳ್ಳುವುದೊಂದು ಬಾಕಿ. ತಾವೇ ಕದಡಿ ಹಾಕಿದರು. ನಿಮ್ಮ ಭಾಷಣ ಕೇಳಿದ್ದಕ್ಕಿಂತ ಹೆಚ್ಚು ಭಕ್ತಿಯಿಂದ.

ನಿನ್ನೆ ಬೆಳಗ್ಗೆ ಅವರೇ ಒಲೆ ಹಚ್ಚಿದ್ದು. ಇಡ್ಲಿಯ ಮೊದಲ ಒಬ್ಬೆಯಲ್ಲಿ ಒಂದು ತೆಗೆದು ಬಾಳೆಲೆ ತುಂಡಿನ ಮೇಲಿಟ್ಟು ಕೃಷ್ಣನ ಫೋಟೋದ ಮುಂದೆ ಇಡುತ್ತಾರೆ, ನಾನು ಹುಟ್ಟುವ ಮೊದಲಿನಿಂದಲೂ. ನಿನ್ನೆಯ ಆ ಇಡ್ಲಿ ನಿಮ್ಮ ಗ್ಯಾಸಿನದ್ದು ಸರ್! ಅಪ್ಪ ಗಲ್ಲಾದಿಂದ ಎದ್ದು ಬಂದು ನೋಡಿ ಏನೂ ಹೇಳದೆ ಹೋದರು. ನಮ್ಮಪ್ಪ ಏನೂ ಹೇಳಲಿಲ್ಲ ಅಂದರೆ ಖುಷಿ ಅಂತ ಅರ್ಥ. ಗ್ರೂಪಿನಲ್ಲಿ ವಿಡಿಯೋ ಹಾಕಿದೆ, ಹೃದಯಗಳ ಮಳೆ.

ಏನೇನು ಹಾಕುತ್ತೀರಿ ಅಂತ ಕೇಳಿದ್ದಿರಿ. ನೀವು ಭಾಷಣದಲ್ಲಿ ಹೇಳಿದ ಹಾಗೆಯೇ ಸರ್, ಹೋಟೆಲಿನ ಹಸಿ ಕಸ ಪೂರ್ತಿ. ನಾನು ದಿನವಿಡೀ ಮುಂದೆ ಗಲ್ಲಾದಲ್ಲಿ ಅಪ್ಪನ ಜೊತೆ, ಹಿತ್ತಲಿನದ್ದೆಲ್ಲ ಯಂಕಣ್ಣನೇ ನೋಡಿಕೊಳ್ಳುವುದು.

ಥ್ಯಾಂಕ್ಯೂ ಸರ್. ಥ್ಯಾಂಕ್ಯೂ. ಥ್ಯಾಂಕ್ಯೂ.

ಸುಮೇಧಾ

*

ಖಾರಘರ
4 ಆಗಸ್ಟ್ 2025

ಸುಮೇಧಾ ಅವರಿಗೆ,

ಈ ಉರಿ ಸಗಣಿಯದ್ದು. ಕಸದ್ದಲ್ಲ. ಎರಡು ವಾರ ಬಿಟ್ಟು ನೋಡಿ, ಆಮೇಲೆ ಸಂಭ್ರಮಿಸಿ. ವಿಡಿಯೋ ತೆಗೆದುಹಾಕಿದರೆ ಒಳ್ಳೆಯದು.

ನನ್ನ ಹೆಸರಿನ ಗ್ರೂಪಿನ ಬಗ್ಗೆ. ನಾನು ಟ್ಯಾಂಕುಗಳ ಹತ್ತಿರ ಹೋಗದೆ ಬಹಳ ವರ್ಷವಾಯಿತು. ಈಗ ವರದಿ ಬರೆಯುತ್ತೇನೆ, ಬಿಲ್ಡರುಗಳಿಗೆ, ಕಾರ್ಖಾನೆಗಳಿಗೆ. ಮೊನ್ನೆ ಇಲ್ಲೇ ಒಂದು ಹೊಸ ಟವರಿನ ತಾರಸಿ ಹತ್ತಿದ್ದೆ. ಬಿಸಿಲಿನಿಂದ ನೀರು ಕಾಯಿಸುವ ಹೀಟರುಗಳನ್ನು ಸಾಲಾಗಿ ಕೂರಿಸಿದ್ದಾರೆ. ಎದುರಿಗೆ ಇನ್ನೊಂದು ಟವರಿನ ಗೋಡೆ. ಬಿಸಿಲು ಬೀಳುವುದಿಲ್ಲ. ‘ಹೀಟರುಗಳನ್ನು ಅಳವಡಿಸಲಾಗಿದೆ’ ಎಂದು ಬರೆದೆ. ಸುಳ್ಳಲ್ಲ. ಬಿಸಿನೀರು ಬರುತ್ತದೆ ಎಂದು ಬರೆದಿಲ್ಲ. ಅವರಿಗೆ ಹಸಿರು ಕಟ್ಟಡ ಎಂಬ ಪ್ರಮಾಣಪತ್ರ ಸಿಗುತ್ತದೆ.

ನಿಮ್ಮ ಗ್ರೂಪಿನವರಿಗೆ ಇದನ್ನೂ ಹಿಂದಿಯಲ್ಲಿ ಹೇಳಿ.

ಹಯಗ್ರೀವ

*

ಡೊಂಬಿವಲಿ
22 ಆಗಸ್ಟ್ 2025

ಸರ್,

ಹೇಗಿದ್ದೀರಿ? ನಾವೆಲ್ಲ ಚೆನ್ನಾಗಿದ್ದೇವೆ. ಟ್ಯಾಂಕೂ ಚೆನ್ನಾಗಿದೆ.

ನಿಮ್ಮ ಹೀಟರಿನ ಕಥೆ ಓದಿ ನಗು ಬಂತು. ಬೇಜಾರಲ್ಲೂ ಜೋಕು ಮಾಡುತ್ತೀರಿ ನೀವು, ಅದಕ್ಕೇ ಎಲ್ಲರಿಗೂ ಇಷ್ಟ.

ಗಣಪತಿ ಹತ್ತಿರ ಬಂತು, ಹೋಟೆಲಿನಲ್ಲಿ ರಶ್. ಮೋದಕಕ್ಕೆ ಆರ್ಡರ್ ಬರ್ತಾ ಇದೆ. ಅಪ್ಪ ಒಂದು ಫ್ರೀಜರ್ ಕಂಪನಿಯವನನ್ನು ಕರೆದು ಹಿತ್ತಲಿನ ಅಳತೆ ತೆಗೆಸಿದರು, ಸುಮ್ಮನೆ ತೆಗೆಸಿದ್ದು ಅಂದರು.

ಸಣ್ಣ ಪ್ರಶ್ನೆ, ಕುತೂಹಲಕ್ಕೆ: ಸುಣ್ಣದ ನೀರು ಎಷ್ಟು ಸಲ ಹಾಕಬಹುದು? ಮೂರನೇ ಸಲ ಹಾಕಿದರೆ ಏನಾದರೂ ತೊಂದರೆಯಾ? ಸಗಣಿ ಪ್ರತಿ ವಾರ ಹಾಕಿದರೆ?

ಗ್ರೂಪಿನವರೆಲ್ಲ ನಿಮ್ಮನ್ನು ಕೇಳಿದ್ದಾರೆ.

ಸುಮೇಧಾ

*

ಖಾರಘರ
29 ಆಗಸ್ಟ್ 2025

ಸುಮೇಧಾ,

ಚೆನ್ನಾಗಿರುವ ಟ್ಯಾಂಕಿಗೆ ಯಾರೂ ಮೂರನೇ ಸಲ ಸುಣ್ಣ ಹಾಕುವುದಿಲ್ಲ. ಉರಿ ಆರಿದೆ. ಆರಿ ಎಷ್ಟು ದಿನವಾಯಿತು?

ಇಲ್ಲದ ಉರಿಯನ್ನು ಇದೆ ಎಂದು ಬರೆಯುವುದಕ್ಕೆ ನನಗೆ ಜನ ಫೀಸು ಕೊಡುತ್ತಾರೆ. ನೀನು ಬಿಟ್ಟಿ ಮಾಡಬೇಡ.

‘ನೀವು’ ಬಿಟ್ಟೆ, ಕ್ಷಮಿಸು. ಸಿಟ್ಟಿನಲ್ಲಿ ಬಂದುಬಿಟ್ಟಿತು, ಇರಲಿ. ಈ ಕೆಲಸ ನಿನಗೆ ಒಂದು ವಿಡಿಯೋ ಅಷ್ಟೇ ಅನಿಸುತ್ತದೆ. ಹೃದಯಗಳು ಬಂದಮೇಲೆ ಆಸಕ್ತಿ ಇಳಿದಿರಬೇಕು. ನನ್ನ ಊಹೆ ತಪ್ಪಾದರೆ ಒಂದು ಕೆಲಸ ಮಾಡು. ಒಂದು ದಿನ ಗಲ್ಲಾ ಬಿಟ್ಟು ಹಿತ್ತಲಲ್ಲಿ ನಿಲ್ಲು. ಟ್ಯಾಂಕಿಗೆ ಏನು ಬೀಳುತ್ತದೆ, ಯಾರ ಕೈಯಿಂದ, ಎಲ್ಲಿಂದ ಬರುತ್ತದೆ, ನೋಡಿ ಬರೆ. ನನ್ನ ಭಾಷಣದಲ್ಲಿ ಏನಿತ್ತು ಎಂದು ಬರೆಯಬೇಡ. ಅದು ನನಗೆ ಗೊತ್ತು.

ಹಯಗ್ರೀವ

*

ಡೊಂಬಿವಲಿ
9 ಸೆಪ್ಟೆಂಬರ್ 2025

ಸರ್,

ಆಸಕ್ತಿ ಇಳಿದಿರಲಿಲ್ಲ. ನಾಚಿಕೆಯಾಗಿತ್ತು. ನೀವು ಎರಡು ವಾರ ಅಂದಿದ್ದಿರಿ, ಅದಕ್ಕೂ ಮೊದಲೇ ಆರಿಹೋಯಿತು. ಗ್ರೂಪಿನಲ್ಲಿ ಎಲ್ಲರೂ ಅಪ್‌ಡೇಟ್ ಕೇಳುತ್ತಿದ್ದರು. ಅಪ್ಪ ಕೇಳಿದರೆ ಸರ್ ಹೇಳಿದ್ದಾರೆ ಸರಿಹೋಗ್ತದೆ ಅಂತ ಹೇಳುತ್ತಿದ್ದೆ. ನೀವು ಹಾಗೆ ಹೇಳಿರಲಿಲ್ಲ.

ಗಣಪತಿ ಮುಗಿದ ಮೇಲೆ ಹಿತ್ತಲಲ್ಲಿ ನಿಂತೆ. ನೋಡಿದ್ದನ್ನು ಬರೆಯುತ್ತೇನೆ.

ಅಲ್ಲಿ ಎರಡು ಬಕೆಟ್. ನೀಲಿ ಬಕೆಟನ್ನು ಯಂಕಣ್ಣ ಒಳಗಿಂದ ತಂದರು. ಕುಂಬಳದ ತಿರುಳು, ಸೌತೆ ಸಿಪ್ಪೆ, ಕೊತ್ತಂಬರಿ ಕಡ್ಡಿ, ಹಿಂಡಿದ ನಿಂಬೆ ಹೋಳು, ತೆಂಗಿನ ನಾರು. ಟ್ಯಾಂಕಿಗೆ ಸುರಿದರು. ಆಮೇಲೆ ಮಾಪಣ್ಣ ಬಂದರು. ಅವರು ತಟ್ಟೆ ಎತ್ತಿ ತೊಳೆಯುವವರು. ಅವರ ಕೈಯಲ್ಲಿ ಕೆಂಪು ಬಕೆಟ್, ತಟ್ಟೆಗಳಲ್ಲಿ ಉಳಿದದ್ದು, ಅನ್ನ, ಸಾಂಬಾರು, ಅರ್ಧ ವಡೆ, ಪೂರಿ ತುಂಡು, ಬಕೆಟ್ ತುಂಬಿ ಚೆಲ್ಲುತ್ತಿತ್ತು. ಟ್ಯಾಂಕಿನ ಪಕ್ಕದಲ್ಲೇ ಹಾದು ಹಿಂದಿನ ಗೇಟಿಗೆ ಹೋದರು.

‘ಮಾಪಣ್ಣ, ಎಲ್ಲಿಗೆ ಅದು?’

‘ಘಂಟಾಗಾಡಿಗೆ. ಬರುವ ಹೊತ್ತಾಯ್ತಲ್ಲ.’ ಕಸದ ಗಾಡಿಗೆ, ಸರ್.

‘ಇದಕ್ಕೆ ಹಾಕುವುದಲ್ವಾ?’

ಮಾಪಣ್ಣ ಯಂಕಣ್ಣನ ಮುಖ ನೋಡಿದರು.

‘ಅದು ಎಂಜಲು ಮಾರಾಯ್ತಿ’ ಅಂದರು ಯಂಕಣ್ಣ.

‘ಗೊತ್ತುಂಟು. ಟ್ಯಾಂಕಿಗೆ ಅದೇ ಬೇಕಾದದ್ದು.’

‘ಹೌದಾ. ಎಂಜಲು ಹಾಕಿದ್ರೆ ಅದರ ಗ್ಯಾಸು ಎಲ್ಲಿಗೆ ಬರ್ತದೆ? ನನ್ನ ಒಲೆಗೆ. ನನ್ನ ಒಲೆಯ ಮೊದಲ ಇಡ್ಲಿ ಯಾರಿಗೆ? ಕೃಷ್ಣನಿಗೆ. ಇನ್ನು ನೀನೇ ಹೇಳು, ಎಂಜಿನಿಯರ್ ಅಲ್ವಾ ನೀನು.’

‘ಗ್ಯಾಸಿಗೆ ಎಂಜಲು ಉಂಟಾ ಯಂಕಣ್ಣ?’

‘ಉಂಟೋ ಇಲ್ವೋ ನನಗೆಂತ ಗೊತ್ತು. ನಾನು ಹೈಸ್ಕೂಲಿಗೇ ಹೋದವನಲ್ಲ. ನೀನು ಹಾಕು. ಬೇಯ್ಸು. ಬೇಯ್ಸಿದ್ದನ್ನು ನಿನ್ನ ಕೈಯಾರೆ ದೇವರ ಮುಂದೆ ಇಡು. ಇಡ್ತೀಯಾ?’

ಸರ್, ಹೂಂ ಅನ್ನಬೇಕು ಅಂದುಕೊಂಡೆ. ಬಾಯಿ ಬರಲಿಲ್ಲ. ಮೀಥೇನ್‌ಗೆ ಮೈಲಿಗೆ ಇಲ್ಲ ಅಂತ ನನಗೆ ಗೊತ್ತಿದೆ. ಆದರೂ ಬರಲಿಲ್ಲ.

‘ಮತ್ತೆ ಸಗಣಿಗೆ ಏನೂ ಹೇಳಲಿಲ್ಲ ನೀವು?’

‘ಸಗಣಿ ಶುದ್ಧ ಅಲ್ವಾ!’

ಮಾಪಣ್ಣ ಆ ಕಡೆ ತಿರುಗಿ ನಗುತ್ತಿದ್ದರು. ‘ನಾನು ಮೊದಲ ದಿನವೇ ಹಾಕ್ಲಿಕ್ಕೆ ಹೋದೆ ಸುಮೇಧಕ್ಕ. ಬಕೆಟು ಟ್ಯಾಂಕಿಗೆ ಮುಟ್ಟಿದ್ದಕ್ಕೆ ಇವರು ಒಂದು ವಾರ ನನ್ನತ್ರ ಮಾತೇ ಆಡ್ಲಿಲ್ಲ.’

ಅಪ್ಪನ ಹತ್ತಿರ ಹೋಗಿ ಜಗಳ ಮಾಡಿದೆ. ಅವರಿಗೆ ಮೊದಲಿನಿಂದಲೂ ಗೊತ್ತಿತ್ತಂತೆ. ‘ಯಂಕಣ್ಣನ ಅಡಿಗೆಮನೆಗೆ ನಾನು ತಲೆ ಹಾಕೋದಿಲ್ಲ. ಅವ ಹೋದ್ರೆ ನಾಳೆಯಿಂದ ಬಾಗಿಲು ಹಾಕ್ಬೇಕು’ ಅಂದರು. ಆಮೇಲೆ ಗಿರಾಕಿಗೆ ಚಿಲ್ಲರೆ ಕೊಡುತ್ತಾ, ‘ನಿನ್ನ ಸರ್ ಉಡುಪಿಯವರೇ ಅಲ್ವಾ? ಅವರಿಗೆ ಇದು ಗೊತ್ತಾಗ್ಲಿಲ್ವಾ?’ ಅಂದರು.

ಅವರು ಕೇಳಿದ್ದನ್ನು ಹಾಗೆಯೇ ನಿಮಗೆ ಬರೆದಿದ್ದೇನೆ.

ಇನ್ನೊಂದು. ನಿನ್ನೆ ಗ್ರೂಪಿನಲ್ಲಿ ಒಬ್ಬಳು ಪೋಸ್ಟ್ ಹಾಕಿದಳು. ನೀವು ನಿಮ್ಮ ಕನ್ಸಲ್ಟೆನ್ಸಿ ಮುಚ್ಚಿ ಒಂದು ದೊಡ್ಡ ಬಿಲ್ಡರ್ ಕಂಪನಿಗೆ ಸಲಹೆಗಾರರಾಗಿ ಹೋಗುತ್ತಿದ್ದೀರಿ ಅಂತ. ಎಲ್ಲರೂ ಕಂಗ್ರಾಟ್ಸ್ ಹಾಕಿದ್ದಾರೆ. ನಾನು ಏನೂ ಹಾಕಿಲ್ಲ. ನಿಜವಾ ಸರ್?

ಸುಮೇಧಾ

*

ಖಾರಘರ
15 ಸೆಪ್ಟೆಂಬರ್ 2025

ಸುಮೇಧಾ,

ನಿಜ. ಮುಂದಿನ ತಿಂಗಳಿಂದ. ನಿನಗೆ ಹೇಳಬೇಕು ಅಂತ ಅನಿಸಿರಲಿಲ್ಲ, ಅಥವಾ ಅನಿಸಿತ್ತು, ಬರೆಯಲಿಲ್ಲ.

ನಿನ್ನ ಕಾಗದ ಎರಡು ಸಲ ಓದಿದೆ. ನಿಮ್ಮ ಟ್ಯಾಂಕಿಗೆ ಕಾಯಿಲೆ ಇಲ್ಲ. ಹಸಿವು. ಬೆಂದ ಅನ್ನ, ಸಾಂಬಾರು, ಎಣ್ಣೆ ಹತ್ತಿದ ಪೂರಿ, ಅದರ ಊಟ ಅದು. ಅದನ್ನು ಗಾಡಿಗೆ ಕೊಟ್ಟು, ಇದಕ್ಕೆ ಸಿಪ್ಪೆ, ನಾರು, ನಿಂಬೆ ಹೋಳು. ನಿಮ್ಮ ಟ್ಯಾಂಕಿಗೆ ಯಂಕಣ್ಣ ನಿತ್ಯ ಏಕಾದಶಿ ಮಾಡಿಸುತ್ತಿದ್ದಾರೆ. ದ್ವಾದಶಿ ಬರುವುದೇ ಇಲ್ಲ. ಉಪವಾಸದ ಹೊಟ್ಟೆ ಹುಳಿಯಾಗದೆ ಇನ್ನೇನು.

ಬಹಳ ದಿನಗಳ ನಂತರ ಒಬ್ಬನೇ ಕೂತು ನಕ್ಕೆ. ಆಮೇಲೆ ವಿಠ್ಠಲವಾಡಿ ನೆನಪಾಯಿತು. ಅಲ್ಲಿ ಸ್ಟೇಷನ್ನಿಗೆ ಎದುರು ಜಯಶೀಲ ಎನ್ನುವವರ ಹೋಟೆಲಿದೆ. ನಾನು ಕೂರಿಸಿದ ಟ್ಯಾಂಕು ಅಲ್ಲೂ ಒಣಗಿ ನಿಂತಿದೆ. ನಾನು ಅಲ್ಲಿಗೂ ಸುಣ್ಣ, ಸಗಣಿ ಎಂದೇ ಬರೆದು ಕಳಿಸಿದ್ದು. ಅಲ್ಲಿ ಎಷ್ಟು ಬಕೆಟ್ ಇದ್ದವು ಎಂದು ಈಗ ಯೋಚಿಸುತ್ತಿದ್ದೇನೆ.

ನಿನ್ನ ಅಪ್ಪ ಕೇಳಿದ್ದು ಸರಿ. ನನ್ನ ಅಮ್ಮ ಎಂಜಲು ಎಂದರೆ ಮಾರು ದೂರ. ಹಾಗಂತ ಎಲೆಯಲ್ಲಿ ಒಂದು ಅಗುಳು ಬಿಟ್ಟರೂ ಏಳಗೊಡುತ್ತಿರಲಿಲ್ಲ. ಇವತ್ತಿಗೂ ನಾನು ತಟ್ಟೆ ಒರೆಸಿದ ಹಾಗೆ ತಿನ್ನುತ್ತೇನೆ, ಕಂಪನಿಗಳ ಊಟದಲ್ಲೂ, ಪಕ್ಕದವರು ನೋಡುತ್ತಾರೆ. ಅಂಥ ಮನೆಯಲ್ಲಿ ಬೆಳೆದವನು ಹೋಟೆಲಿನ ಅಡಿಗೆಮನೆಗೆ ಈ ಪೈಪು ಎಳೆಯುವಾಗ ಅಮ್ಮನನ್ನು ನೆನೆಯಲಿಲ್ಲ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಅಮ್ಮ ಸಿಲೆಬಸ್‌ನಲ್ಲಿ ಇರುವುದಿಲ್ಲ.

ಈಗ ನನ್ನ ಸಲಹೆ, ಫೀಸಿಲ್ಲದೆ. ಯಂಕಣ್ಣನ ಜೊತೆ ವಾದ ಮಾಡಬೇಡ. ಅವರದ್ದು ವಾದಕ್ಕೆ ನಿಂತದ್ದಲ್ಲ. ಟ್ಯಾಂಕು ಭಂಗಾರಿಗೆ ಹೋಗಲಿ. ಐರೋಲಿಗೆ ಸೇರು. ಈ ಲೈನಿಗೆ ಬಂದರೆ ಕೊನೆಗೆ ನೀನೂ ತಾರಸಿ ಹತ್ತಿ ‘ಅಳವಡಿಸಲಾಗಿದೆ’ ಎಂದು ಬರೆಯುತ್ತೀಯ. ನನಗೆ ಸಾಕಾಗಿದೆ. ಸಲಹೆಗಾರ ಅಂದರೆ ಎ.ಸಿ. ರೂಮು, ತಾರಸಿ ಹತ್ತುವುದಿಲ್ಲ, ಅಷ್ಟಕ್ಕೇ ಒಪ್ಪಿದ್ದು.

ಮೊದಲ ಸಲ ಕಾಗದ ಬರೆಯಿರಿ ಅಂದದ್ದು ಯಾಕೆ ಗೊತ್ತಾ? ಈಗಿನವರು ಬರೆಯುವುದಿಲ್ಲ, ಪೀಡೆ ತೊಲಗುತ್ತದೆ ಅಂದುಕೊಂಡಿದ್ದೆ.

ಹಯಗ್ರೀವ

*

ಡೊಂಬಿವಲಿ
4 ಅಕ್ಟೋಬರ್ 2025

ಸರ್,

ನಿಮ್ಮ ಕಾಗದಕ್ಕೆ ತಕ್ಷಣ ಬರೆಯಲಿಲ್ಲ. ಬೇಜಾರಾಗಿತ್ತು. ಗ್ರೂಪಿನ ಹೆಸರು ಬದಲಾಯಿಸಿದೆ, ಈಗ ಅದು ‘ಟ್ಯಾಂಕ್’ ಅಷ್ಟೇ. ಅರ್ಧ ಜನ ಬಿಟ್ಟುಹೋದರು.

ದಸರಾ ಆಯಿತು. ಇಡ್ಲಿ ಟ್ಯಾಂಕಿನ ಗ್ಯಾಸಿನಲ್ಲಿ ಬೇಯಲಿಲ್ಲ. ಶರತ್ತಿನಲ್ಲಿ ನಾನು ಸೋತೆ. ಸೋಮವಾರ ಐರೋಲಿಗೆ ಹೋಗುತ್ತೇನೆ.

ಆದರೆ ಟ್ಯಾಂಕು ಹೋಗಲಿಲ್ಲ. ಅದು ಹೇಗೆ ಅಂತ ಹೇಳುತ್ತೇನೆ.

ನಿಮ್ಮ ಕಾಗದ ಬಂದ ದಿನ ಅಳು ಬಂದು ಹಿತ್ತಲಿಗೆ ಹೋಗಿ ಕೂತಿದ್ದೆ. ಮಾಪಣ್ಣ ತಟ್ಟೆ ತೊಳೆಯುತ್ತಿದ್ದರು. ಮಳೆಗಾಲ ಪೂರ್ತಿ ತಣ್ಣೀರಲ್ಲಿ ಕೈ ಇಟ್ಟು ಅವರ ಬೆರಳೆಲ್ಲ ಬೆಳ್ಳಗೆ ಸುಕ್ಕಾಗಿ ಬಿರುಕು ಬಿಟ್ಟಿತ್ತು. ಎಣ್ಣೆ ತಟ್ಟೆ ತಣ್ಣೀರಿಗೆ ಹೋಗುವುದಿಲ್ಲ, ಮೂರು ಮೂರು ಸಲ ಉಜ್ಜುತ್ತಿದ್ದರು. ನನಗೆ ನಿಮ್ಮ ತಾರಸಿಯ ಹೀಟರು ನೆನಪಾಯಿತು ಸರ್. ಯಾರಿಗೂ ಬಾರದ ಬಿಸಿನೀರು.

ಯಂಕಣ್ಣನ ಹತ್ತಿರ ಹೋದೆ. ವಾದ ಮಾಡಲಿಲ್ಲ, ಕೇಳಿದೆ ಅಷ್ಟೇ.

‘ಯಂಕಣ್ಣ, ಗ್ಯಾಸು ನಿಮ್ಮ ಒಲೆಗೆ ಬೇಡ. ಹಿತ್ತಲಲ್ಲೇ ಬೇರೆ ಒಲೆ. ಅದರಲ್ಲಿ ಪಾತ್ರೆ ತೊಳೆಯುವ ನೀರು ಮಾತ್ರ. ಆಗಬಹುದಾ?’

ಅವರು ಚಟ್ನಿಗೆ ಒಗ್ಗರಣೆ ಹಾಕುತ್ತಿದ್ದರು. ‘ಎಂಜಲಿನ ಗ್ಯಾಸಿನಲ್ಲಿ ಎಂಜಲು ತಟ್ಟೆಗೆ ನೀರು. ಅದಕ್ಕೆ ನನ್ನದೆಂತ ತಕರಾರು? ಪೈಪು ಮಾತ್ರ ನನ್ನ ಹೊಸಲು ದಾಟಬಾರ್ದು.’ ಸ್ವಲ್ಪ ಬಿಟ್ಟು, ‘ಇದನ್ನು ಮೊದಲೇ ಯಾರಾದ್ರೂ ಕೇಳಿದ್ರೆ ನಾನು ಬೇಡ ಹೇಳ್ತಿದ್ನಾ?’ ಅಂದರು.

ಅವತ್ತಿನಿಂದ ಕೆಂಪು ಬಕೆಟ್ ಟ್ಯಾಂಕಿಗೆ. ಮೊದಲು ಸ್ವಲ್ಪ, ಆಮೇಲೆ ಜಾಸ್ತಿ, ನೀವು ಬರೆದ ಹಾಗೆಯೇ. ಪುನಃ ಸಗಣಿ ತಂದೆ, ಯಂಕಣ್ಣ ಈ ಸಲ ಎಮ್ಮೆಯದ್ದಾ ದನದ್ದಾ ಅಂತ ಕೇಳಲಿಲ್ಲ. ಪೈಪು ಕಿತ್ತು ಹಿತ್ತಲ ಮೂಲೆಗೆ ತಿರುಗಿಸಿದೆವು. ಆಯುಧ ಪೂಜೆಯ ದಿನ ಮಾಪಣ್ಣ ಹಚ್ಚಿದರು. ನಿಂತಿತು. ಮರುದಿನವೂ ನಿಂತಿತು. ವಿಡಿಯೋ ತೆಗೆದಿಲ್ಲ.

ದಸರಾ ದಿನ ಅಪ್ಪ ಬಂದು ನೋಡಿದರು. ‘ಶರತ್ತು ಇಡ್ಲಿಯದ್ದು, ನೀರಿನದ್ದಲ್ಲ’ ಅಂದರು. ನಾನು ಹೌದು ಅಂದೆ. ಭಂಗಾರಿನವನಿಗೆ ಫೋನ್ ಮಾಡಲು ಮೊಬೈಲು ತೆಗೆದರು. ಮಾಪಣ್ಣ ಒದ್ದೆ ಕೈಯಲ್ಲೇ ಎದ್ದು ನಿಂತರು. ‘ಧಣಿ, ಫ್ರೀಜರು ಬೇಕಾದ್ರೆ ನನ್ನ ತಲೆ ಮೇಲೆ ಇಡಿ. ಬಿಸಿನೀರು ತೆಗೀಬೇಡಿ.’ ಇಷ್ಟು ವರ್ಷದಲ್ಲಿ ಅವರು ಅಪ್ಪನಿಗೆ ಎದುರು ಆಡಿದ ಮೊದಲ ಮಾತು. ಅಪ್ಪ ನನ್ನನ್ನು ನೋಡಿದರು, ಯಂಕಣ್ಣನನ್ನು ನೋಡಿದರು. ಯಂಕಣ್ಣ ತಲೆ ಎತ್ತಿ ಮಾಡು ನೋಡುತ್ತಿದ್ದರು. ‘ಅರೇ ಠೀಕ್ ಹೈ, ಇರ್ಲಿ’ ಅಂತ ಮೊಬೈಲು ಜೇಬಿಗೆ ಹಾಕಿದರು. ‘ಆದ್ರೆ ಐರೋಲಿ ಐರೋಲಿಯೇ.’

ಹೀಗಾಯಿತು ಸರ್. ಅರ್ಧ ನೀವು ಹೇಳಿದ ಹಾಗೆ, ಅರ್ಧ ಬೇರೆ.

ಇದು ದೊಡ್ಡ ಉರಿಯಲ್ಲ. ಭಾಷಣಕ್ಕೆ ಬರುವಷ್ಟಿಲ್ಲ. ನಿಮ್ಮ ವರದಿಯಲ್ಲಿ ಎಲ್ಲಾದರೂ ಜಾಗವಿದ್ದರೆ ಒಂದು ಸಾಲು ಬರೆಯಿರಿ, ‘ಬಿಸಿನೀರು ಬರುತ್ತದೆ’ ಅಂತ.

ಸುಮೇಧಾ

*

ಐರೋಲಿ
27 ಅಕ್ಟೋಬರ್ 2025

ಸರ್,

ನೀವು ಉತ್ತರ ಬರೆಯಲಿಲ್ಲ. ಹೊಸ ಆಫೀಸು, ಕೆಲಸ ಇರಬಹುದು ಅಂದುಕೊಂಡೆ. ಪೀಡೆ ತೊಲಗಲಿ ಅಂತಲೂ ಇರಬಹುದು ಅಂದುಕೊಂಡೆ.

ಇದನ್ನು ಊಟದ ಬಿಡುವಿನಲ್ಲಿ ಬರೆಯುತ್ತಿದ್ದೇನೆ. ಇಲ್ಲಿ ಕೆಲಸ ಕಷ್ಟ ಏನಿಲ್ಲ, ಬೇಜಾರು ಅಷ್ಟೇ. ಎಲ್ಲಿಂದಲೋ ಬಂದ ಅಂಕಿಗಳನ್ನು ಇನ್ನೆಲ್ಲಿಗೋ ಹಾಕುವುದು. ಸಂಜೆ ಠಾಣೆಯಲ್ಲಿ ಗಾಡಿ ಬದಲಿಸುವಾಗ ನಿಂತುಕೊಂಡೇ ನಿದ್ದೆ ಬರುತ್ತದೆ. ನೀವು ಸಾಕಾಗಿದೆ ಅಂತ ಬರೆದಾಗ ನನಗೆ ಸಿಟ್ಟು ಬಂದಿತ್ತು. ಈಗ ಅಷ್ಟು ಬರುವುದಿಲ್ಲ.

ನಿನ್ನೆ ಭಾನುವಾರ ನಾನು ವಿಠ್ಠಲವಾಡಿಗೆ ಹೋಗಿದ್ದೆ. ಜಯಶೀಲ ಅವರ ಹೋಟೆಲು ಸಿಕ್ಕಿತು. ಯಾರು ಕಳಿಸಿದ್ದು ಅಂತ ಕೇಳಿದರು, ಯಾರೂ ಇಲ್ಲ ಅಂದೆ. ಮೊದಲು ದೋಸೆ ತಿಂದೆ, ಆಮೇಲೆ ಹಿಂದೆ ಹೋದೆ. ನಿಮ್ಮ ಟ್ಯಾಂಕಿನ ಮೇಲೆ ಈರುಳ್ಳಿ ಚೀಲ ಪೇರಿಸಿದ್ದರು, ಇಳಿಸಿ ನೋಡಿದೆ. ಅಡಿಗೆಯವರ ಹತ್ತಿರ ಟ್ಯಾಂಕಿನ ಮಾತೇ ಎತ್ತಲಿಲ್ಲ. ತಟ್ಟೆಯಲ್ಲಿ ಉಳಿದದ್ದು ಎಲ್ಲಿಗೆ ಹೋಗ್ತದೆ ಅಂತ ಕೇಳಿದೆ. ಬಕೆಟು ಅಲ್ಲೂ ಎರಡೇ ಸರ್. ಅಲ್ಲಿ ಕೆಂಪು, ಹಸಿರು. ಮುಂದಿನ ಭಾನುವಾರ ಪುನಃ ಬಾ ಅಂದಿದ್ದಾರೆ.

ಸಂಜೆ ನಮ್ಮ ಹೋಟೆಲಿಗೆ ಬಂದರೆ ಮಾಪಣ್ಣ ನನ್ನನ್ನೇ ಕಾಯುತ್ತಿದ್ದರು.

‘ಬೆಳಗ್ಗೆ ಒಬ್ಬರು ಬಂದಿದ್ರು ಸುಮೇಧಕ್ಕ. ಕನ್ನಡಕ, ತುಂಬು ತೋಳಿನ ಬಿಳಿ ಶರಟು. ಮೂಲೆ ಮೇಜಲ್ಲಿ ಕೂತು ಇಡ್ಲಿ ತಿಂದ್ರು. ಚಟ್ನಿ ಬಟ್ಟಲು ಒರೆಸಿದ ಹಾಗೆ ಖಾಲಿ. ಆದ್ರೆ ಎರಡನೇ ಇಡ್ಲಿ ಅರ್ಧಕ್ಕೆ ಬಿಟ್ರು. ಬಿಟ್ಟು ಅದನ್ನೇ ನೋಡ್ತಾ ಕೂತ್ರು. ನಾನು ತಟ್ಟೆ ಎತ್ಲಿಕ್ಕೆ ಹೋದೆ. ಚೆನ್ನಾಗಿಲ್ವಾ ಅಂತ ಕೇಳಿದೆ.’

‘ಏನು ಹೇಳಿದ್ರು?’

‘ಚೆನ್ನಾಗಿದೆ, ಕೆಂಪು ಬಕೆಟಿಗೆ ಹಾಕಿ ಅಂದ್ರು. ನಮ್ಮ ಬಕೆಟು ಕೆಂಪು ಅಂತ ಅವರಿಗೆ ಹ್ಯಾಗೆ ಗೊತ್ತು? ಕೈ ತೊಳೆಯುವಲ್ಲಿಂದ ಹಿತ್ತಲ ಬಾಗಿಲಿಗೆ ಬಂದು ನಾನು ಹಾಕುವವರೆಗೆ ನಿಂತಿದ್ರು. ಆಮೇಲೆ ಬಿಸಿನೀರಿಗೆ ಬೆರಳು ಅದ್ದಿ ನೋಡಿದ್ರು. ಹೋದ್ರು.’

ಅಪ್ಪ ನಿಮ್ಮನ್ನು ಗುರುತಿಸಲಿಲ್ಲ ಸರ್, ಬಿಲ್ಲು ತೆಗೆದುಕೊಂಡು ಚಿಲ್ಲರೆ ಕೊಟ್ಟಿದ್ದಾರೆ. ಹೇಳಿದ್ದರೆ ತೆಗೆದುಕೊಳ್ಳುತ್ತಿರಲಿಲ್ಲ.

ನೀವು ನಮ್ಮ ಹೋಟೆಲಿನಲ್ಲಿ ಕೂತಿದ್ದಾಗ ನಾನು ವಿಠ್ಠಲವಾಡಿಯಲ್ಲಿ ನಿಮ್ಮ ಟ್ಯಾಂಕಿನ ಮೇಲಿನ ಈರುಳ್ಳಿ ಚೀಲ ಇಳಿಸುತ್ತಿದ್ದೆ.

ಅಂಥ ಬೇರೆ ಟ್ಯಾಂಕುಗಳಿದ್ದರೆ ವಿಳಾಸ ಕಳಿಸಿ. ಮೆಸೇಜಲ್ಲಿ ಬೇಡ, ಕಾಗದದಲ್ಲಿ.

ಇವತ್ತು ಬೆಳಗ್ಗೆ ನಾನು ಹೊರಡುವಾಗ ಮಾಪಣ್ಣ ಕೂಗಿ ಕರೆದು ನೀರು ಮುಟ್ಟಿ ನೋಡಲು ಹೇಳಿದರು. ಒಳ್ಳೇ ಬಿಸಿಯಿತ್ತು. ‘ನೋಡಿ, ನಿನ್ನೆಯ ಆ ಅರ್ಧ ಇಡ್ಲಿ’ ಅಂದರು. ಅಷ್ಟು ಬೇಗ ಅದು ಗ್ಯಾಸಾಗುವುದಿಲ್ಲ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ನಾನು ಅವರಿಗೆ ಹೇಳಲಿಲ್ಲ.

ಸುಮೇಧಾ